ವಿವಾಹ ವಿಚ್ಛೇದನವೂ ಕಾಯಿದೆಯ ನೆರವೂ

ಮದುವೆಯ ಮಾತನ್ನು ನಾವು ಚಪ್ಪರದ ಕೆಳಗೆ ಹತ್ತು ಜನರೆದುರು ಆಡುತ್ತೇವೆ. ಮದುವೆ ಮುರಿದ ಮಾತನ್ನಾದರೋ ಹಿತ್ತಲ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ಆಡುತ್ತೇವೆ. ಹೆಂಗಸರೂ ಮಕ್ಕಳೂ ಕೂಡಿ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಕೇಳುವ ಹಿರಿಯರು ನಮ್ಮ ವಾಚಕರಲ್ಲಿಯೂ ಇರಬಹುದು. ಜ್ವರದ ಔಷಧವನ್ನು ಕುರಿತು ಬರೆಯುವವನು ಜ್ವರ ಬರಲೆಂದು ಬಯಸುವವನಲ್ಲ ಎಂದಷ್ಟೇ ಅವರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಸಂಸಾರಗಳು ಒಡೆಯದಿರಲಿ ಎಂಬುದೇ ನಮ್ಮ ಆಶೆ. ಆದರೆ ಒಡೆದ ಮೇಲೆ ತನಗೆ ಸಲ್ಲತಕ್ಕದ್ದೇನು, ಅದನ್ನು ಎಲ್ಲಿ ಹೋಗಿ ಕೇಳಬೇಕು ಎಂಬುದು ತಿಳಿಯದೆ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಅಣ್ಣನ ಮನೆಯ ಜಗಲಿಯಲ್ಲಿ ಕಣ್ಣೀರಿಡುವುದನ್ನು ಕಂಡೂ ಸುಮ್ಮನಿರುವುದು ಮರ್ಯಾದೆಯೆನಿಸಲಾರದು.

ತ್ರಾಸಿಯನ್ನು ಕಂಡವರಿಗೆ ಆ ಊರಿನ ವರ್ಣನೆ ಬೇಕಾಗಿಲ್ಲ. ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯು ಇಲ್ಲಿ ಕಡಲ ಮಗ್ಗುಲಿಗೆ ಬಂದು, ಮರವಂತೆಯಲ್ಲಿ ಪಡುವಣ ಸಮುದ್ರಕ್ಕೂ ಮೂಡಣ ಸೌಪರ್ಣಿಕೆಗೂ ನಡುವೆ ನೂಲೆಳೆದಂತೆ ಸಾಗುತ್ತದೆ. ತೆಂಕಲಿಗೆ ಗಂಗೊಳ್ಳಿಯ ಬಂದರು. ಈ ಸುತ್ತಿನಲ್ಲಿ ಮೊಗವೀರರು, ಖಾರ್ವಿಗಳು, ಬಂಟರು, ಬಿಲ್ಲವರು, ಬ್ರಾಹ್ಮಣರು, ನವಾಯತರೇ ಮೊದಲಾದ ಮುಸಲ್ಮಾನರು, ಕೊಂಕಣಿಯನ್ನಾಡುವ ಕ್ರೈಸ್ತರು ಎಲ್ಲರೂ ಇದ್ದಾರೆ. ಒಂದೇ ಮೀನುಪೇಟೆ, ಒಂದೇ ಬಸ್ಸು, ಒಂದೇ ಕಡಲ ಗಾಳಿ. ಆದರೆ ಮದುವೆ ಮುರಿದಾಗ ಮಾತ್ರ ಒಂದೊಂದು ಮನೆಗೆ ಒಂದೊಂದು ಕಾಯಿದೆ. ಹಿಂದೂಗಳಿಗೆ 1955ರ ಹಿಂದೂ ವಿವಾಹ ಶಾಸನ. ಕ್ರೈಸ್ತರಿಗೆ 1869ರ ವಿಚ್ಛೇದನ ಶಾಸನ. ಮುಸಲ್ಮಾನರಿಗೆ ಅವರ ಧರ್ಮಶಾಸ್ತ್ರವೂ ಅದರೊಡನೆ 1939ರ ಶಾಸನವೂ. ಜಾತಿಮತಗಳನ್ನು ಬದಿಗಿಟ್ಟು ರಿಜಿಸ್ಟ್ರಿ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಶಾಸನ. ದಾರಿಗಳು ಬೇರೆಯಾದರೂ ಅವುಗಳಲ್ಲಿ ನಡೆದು ಬರುವ ಹೆಂಗಸಿನ ಬಾಯಲ್ಲಿರುವ ಪ್ರಶ್ನೆ ಒಂದೇ. ಕುಂದಾಪುರದ ಆಡುಮಾತಿನಲ್ಲಿ ಹೇಳುವುದಾದರೆ, ‘ನಾನಿನ್ನ್ ಎಲ್ಲಿಗ್ ಹೋಯ್ಕ್?’

ಈ ಪ್ರಶ್ನೆಗೆ ನಮ್ಮ ಕರಾವಳಿಯ ಪೂರ್ವಿಕರು ಒಂದು ಉತ್ತರವನ್ನು ಇಟ್ಟುಕೊಂಡಿದ್ದರು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ನಡೆದುಬಂದ ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿಯು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹೆಣ್ಣು ಮದುವೆಯಾದ ಮೇಲೂ ಹುಟ್ಟಿದ ಕುಟುಂಬದವಳಾಗಿಯೇ ಉಳಿಯುತ್ತಿದ್ದಳು. ಗಂಡಹೆಂಡಿರಿಗೆ ಹೊಂದದೆಹೋದಲ್ಲಿ ಹಿರಿಯರೆದುರು ಸಂಬಂಧವನ್ನು ಬಿಡಿಸಿಕೊಂಡು ಮತ್ತೊಂದು ಮದುವೆಯಾಗುವುದಕ್ಕೆ ಸಂಪ್ರದಾಯದ ಅಡ್ಡಿಯಿರಲಿಲ್ಲ. ಹಾಗೆ ಬಿಟ್ಟುಬಂದವಳಿಗೆ ಕುಟುಂಬದ ಮನೆಯಲ್ಲಿ ಜಾಗವಿತ್ತು. ಮಕ್ಕಳು ಹೇಗೂ ಆ ಕುಟುಂಬಕ್ಕೇ ಸೇರಿದವರು. ಈ ಕಟ್ಟನ್ನು ನಾವು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಯಜಮಾನಿಕೆಯ ದರ್ಪವನ್ನೂ ಹಿಸ್ಸೆಯ ವ್ಯಾಜ್ಯಗಳನ್ನೂ ಕಂಡವರು ಈಗಲೂ ಇದ್ದಾರೆ. ಇಂಥ ಸಂಬಂಧವನ್ನು ಕಾನೂನಿನ ದೃಷ್ಟಿಯಲ್ಲಿ ಮದುವೆಯೆಂದು ಕರೆಯಬಹುದೆ ಎಂದು ಆಂಗ್ಲರ ಕಾಲದ ನ್ಯಾಯಾಲಯಗಳು ಸಂಶಯಪಟ್ಟುದೂ ಉಂಟು. ಆದರೂ ಬಿಡುಗಡೆ ಪಡೆದ ಹೆಣ್ಣು ಬೀದಿಗೆ ಬೀಳಬಾರದೆಂಬ ತಿಳಿವು ಆ ಕಟ್ಟಿನಲ್ಲಿತ್ತು. ಉಳಿದ ಜಾತಿಗಳಲ್ಲಿ, ಮುಖ್ಯವಾಗಿ ಶಾಸ್ತ್ರೋಕ್ತವಾದ ವಿವಾಹವು ನಡೆಯುವಲ್ಲಿ, ಬಿಡುಗಡೆಯೂ ಇರಲಿಲ್ಲ, ಮರಳಿ ಬರುವ ಮನೆಯೂ ಇರಲಿಲ್ಲ.

ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಹಿಂದೂ ದಂಪತಿಗಳಿಗೆ ಶಾಸನದ ಮೂಲಕ ವಿಚ್ಛೇದನವು ಇಡೀ ದೇಶಕ್ಕೆ ಬರುವುದಕ್ಕಿಂತ ಆರು ವರ್ಷ ಮುಂಚೆಯೇ ತ್ರಾಸಿಗೆ ಬಂದಿತು. 1949ರಲ್ಲಿ ಮದರಾಸಿನ ಶಾಸನಸಭೆಯು ಹಿಂದೂಗಳಲ್ಲಿ ಬಹುಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ಎಡೆಗೊಡುವ ಕಾಯಿದೆಯೊಂದನ್ನು ಮಾಡಿತು. ಅದೇ ವರ್ಷ ಅಳಿಯಸಂತಾನದವರಿಗೆಂದು ಬೇರೆಯೇ ಕಾಯಿದೆಯೊಂದನ್ನು ಮಾಡಿ ಅವರ ಮದುವೆಯನ್ನೂ ಅದರ ವಿಸರ್ಜನೆಯನ್ನೂ ಬರೆಹಕ್ಕೆ ತಂದಿತು. ಇದಕ್ಕಿಂತಲೂ ಆಶ್ಚರ್ಯದ ಸಂಗತಿಯೊಂದಿದೆ. ನಮ್ಮಲ್ಲಿ ಅನೇಕರು ಮುಸಲ್ಮಾನ ಸ್ತ್ರೀಗೆ ಕಾಯಿದೆಯ ಬಲವೇ ಇಲ್ಲವೆಂದು ತಿಳಿದುಕೊಂಡಿದ್ದಾರೆ. ನ್ಯಾಯಾಲಯಕ್ಕೆ ಹೋಗಿ ಗಂಡನಿಂದ ವಿಚ್ಛೇದನವನ್ನು ಕೇಳುವ ಶಾಸನಬದ್ಧವಾದ ಹಕ್ಕು ಗಂಗೊಳ್ಳಿಯ ಮುಸಲ್ಮಾನ ಗೃಹಿಣಿಗೆ ದೊರೆತದ್ದು 1939ರಲ್ಲಿ; ಅವಳ ನೆರೆಮನೆಯ ಹಿಂದೂ ಗೃಹಿಣಿಗಿಂತ ಹತ್ತು ವರ್ಷ ಮುಂಚೆ!

ಆ ಶಾಸನ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ಉತ್ತರ ಹಿಂದೂಸ್ಥಾನದಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಹನಫೀ ಪಂಥದ ಮತದಂತೆ, ಗಂಡನು ಕಾಣೆಯಾದರೂ ಅನ್ನಬಟ್ಟೆ ಕೊಡದಿದ್ದರೂ ಹೆಂಡತಿಯು ನ್ಯಾಯಾಲಯದಿಂದ ಬಿಡುಗಡೆ ಪಡೆಯುವುದು ಬಹು ಕಷ್ಟವಾಗಿತ್ತು. ಬೇರೆ ದಾರಿ ಕಾಣದ ಕೆಲವು ಸ್ತ್ರೀಯರು ಮದುವೆಯ ಕಟ್ಟನ್ನು ಕಳಚಿಕೊಳ್ಳುವುದಕ್ಕಾಗಿಯೇ ಮತವನ್ನು ತೊರೆಯತೊಡಗಿದರು. ಇದನ್ನು ಕಂಡು ಕಳವಳಗೊಂಡ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕೀ ಪಂಥದ ಉದಾರವಾದ ವಿಧಿಗಳನ್ನು ಈ ವಿಷಯದಲ್ಲಿ ಸ್ವೀಕರಿಸಬಹುದೆಂದು ಗ್ರಂಥವೊಂದನ್ನು ಬರೆದರು. ಖಾಜಿ ಮಹಮ್ಮದ್ ಅಹಮದ್ ಕಾಜ್ಮಿಯವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆಯನ್ನು ತಂದರು. ನಮ್ಮ ಕರಾವಳಿಯ ನವಾಯತರೂ ಬ್ಯಾರಿಗಳೂ ಹೆಚ್ಚಾಗಿ ಶಾಫಿಈ ಪಂಥದವರು. ಆ ಪಂಥದಲ್ಲಿ, ಗಂಡನು ಜೀವನಕ್ಕೆ ಕೊಡದಿದ್ದರೆ ಖಾಜಿಯ ಮುಂದೆ ಮದುವೆಯನ್ನು ರದ್ದುಮಾಡಿಸಿಕೊಳ್ಳುವ ‘ಫಸ್ಖ್’ ಎಂಬ ಕ್ರಮವು ಮೊದಲಿನಿಂದಲೂ ಉಂಟು. 1939ರ ಶಾಸನವು ಪಂಥಭೇದವಿಲ್ಲದೆ ಎಲ್ಲ ಮುಸಲ್ಮಾನ ಸ್ತ್ರೀಯರಿಗೂ ಅನ್ವಯಿಸುವುದು.

ಅದು ಹೇಳುವ ಕಾರಣಗಳಲ್ಲಿ ಕೆಲವು ಕಡಲತೀರದ ಬಾಳಿಗಾಗಿಯೇ ಬರೆದಂತಿವೆ. ಗಂಡನು ನಾಲ್ಕು ವರ್ಷ ಎಲ್ಲಿರುವನೆಂಬ ಸುಳಿವೇ ಇಲ್ಲದಿದ್ದರೆ ಹೆಂಡತಿಯು ಡಿಕ್ರಿ ಪಡೆಯಬಹುದು. ಆ ಡಿಕ್ರಿ ಆರು ತಿಂಗಳ ತನಕ ಜಾರಿಗೆ ಬಾರದು. ಅಷ್ಟರೊಳಗೆ ಗಂಡನು ಬಂದು, ಸಂಸಾರ ನಡೆಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನದಟ್ಟುಮಾಡಿದರೆ ಅದು ರದ್ದಾಗುವುದು. (ಹಿಂದೂ ವಿವಾಹ ಶಾಸನದಲ್ಲಿ ಇದೇ ಕಾರಣಕ್ಕೆ ಏಳು ವರ್ಷ ಕಾಯಬೇಕು.) ಎರಡು ವರ್ಷ ಜೀವನಕ್ಕೆ ಕೊಡದಿರುವುದು ಇನ್ನೊಂದು ಕಾರಣ. ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸದ ಶಿಕ್ಷೆ, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯಧರ್ಮವನ್ನು ನಡೆಸದಿರುವುದು, ಎರಡು ವರ್ಷದ ಬುದ್ಧಿವಿಕಲ್ಪ, ಇವೂ ಇವೆ. ಹದಿನೈದು ತುಂಬುವ ಮೊದಲೇ ಹಿರಿಯರು ಮದುವೆಮಾಡಿದ್ದ ಹುಡುಗಿಯು, ಸಂಸಾರ ಹೂಡದೆ ಇದ್ದಲ್ಲಿ, ಹದಿನೆಂಟರೊಳಗೆ ಅದನ್ನು ನಿರಾಕರಿಸಿದ್ದರೆ ಅದೂ ಕಾರಣವೇ. ಕ್ರೌರ್ಯವೆಂದರೆ ಹೊಡೆತ ಮಾತ್ರವಲ್ಲ. ಅವಳ ಆಸ್ತಿಯನ್ನು ಮಾರಿಹಾಕುವುದು, ಅವಳ ಧರ್ಮಾಚರಣೆಗೆ ಅಡ್ಡಿಮಾಡುವುದು, ಒಬ್ಬಳಿಗಿಂತ ಹೆಚ್ಚು ಹೆಂಡಿರಿದ್ದಾಗ ಸಮನಾಗಿ ನಡೆಸಿಕೊಳ್ಳದಿರುವುದು ಸಹ ಕ್ರೌರ್ಯವೆಂದು ಶಾಸನವೇ ಬಿಡಿಸಿ ಹೇಳಿದೆ. ಕುಷ್ಠರೋಗವೂ ಪಟ್ಟಿಯಲ್ಲಿತ್ತು, ಅದನ್ನು 2019ರಲ್ಲಿ ತೆಗೆದುಹಾಕಿದರು. ವಾಸಿಯಾಗುವ ರೋಗವನ್ನು ವಿಚ್ಛೇದನದ ನೆಪವಾಗಿ ಇಡುವುದು ನ್ಯಾಯವಲ್ಲವಷ್ಟೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತ್ರಾಸಿಯ ಹತ್ತಿರ ಎಲ್ಲೋ ಒಂದು ಹಂಚಿನ ಮನೆ. ಗಂಡನು ಕೊಲ್ಲಿಯ ದೇಶವೊಂದರಲ್ಲಿ ದುಡಿಯುತ್ತಾನೆ. ಹೆಂಡತಿಯು ಇಬ್ಬರು ಮಕ್ಕಳೊಡನೆ ಅತ್ತೆಯ ಮನೆಯಲ್ಲಿದ್ದಾಳೆ. ಮೊದಲು ತಿಂಗಳು ತಿಂಗಳೂ ಬರುತ್ತಿದ್ದ ಹಣ ಮೂರು ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ರಾತ್ರಿ ಅವಳ ಫೋನಿಗೆ ಒಂದು ಸಂದೇಶ ಬರುತ್ತದೆ. ಅದರಲ್ಲಿ ತಲಾಖ್ ಎಂಬ ಮಾತು ಮೂರು ಸಲ. ಬೆಳಗಾದ ಮೇಲೆ ಅತ್ತೆಯು, ‘ಇನ್ನು ನೀನು ನಮ್ಮ ಮನೆಯವಳಲ್ಲ’ ಎನ್ನುತ್ತಾಳೆ.

ಇವಳು ಮೊದಲು ತಿಳಿಯತಕ್ಕದ್ದು: ಆ ಸಂದೇಶದಿಂದ ಮದುವೆ ಮುರಿದಿಲ್ಲ. 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಬಹುಮತದಿಂದ ಒಂದೇ ಉಸಿರಿನ ಮುತ್ತಲಾಖನ್ನು ತಳ್ಳಿಹಾಕಲಾಯಿತು. 2019ರ ಶಾಸನವು ಅದನ್ನು ಅಸಿಂಧುವೆಂದು ಸಾರಿದ್ದಲ್ಲದೆ ಅಪರಾಧವೆಂದೂ ಮಾಡಿತು; ಬಾಯಿಂದ ಹೇಳಲಿ, ಕಾಗದದಲ್ಲಿ ಬರೆಯಲಿ, ಫೋನಿನಲ್ಲಿ ಕಳುಹಿಸಲಿ, ಎಲ್ಲವೂ ಒಂದೇ. ಮೂರು ವರ್ಷದ ತನಕ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು. ಪೋಲೀಸರಿಗೆ ದೂರು ಕೊಡಬೇಕಾದವರು ಹೆಂಡತಿ ಅಥವಾ ಅವಳ ರಕ್ತಸಂಬಂಧಿಗಳು, ಇಲ್ಲವೆ ಮದುವೆಯಿಂದಾದ ಬಂಧುಗಳು, ದಾರಿಹೋಕರಲ್ಲ. ಅವಳೇ ಬಯಸಿದರೆ ನ್ಯಾಯಾಧೀಶರ ಅಪ್ಪಣೆಯಿಂದ ರಾಜಿಯಾಗುವುದಕ್ಕೂ ಅವಕಾಶವಿದೆ. ತನಗೂ ಮಕ್ಕಳಿಗೂ ನಿರ್ವಾಹದ ಭತ್ಯೆಯನ್ನು ಮ್ಯಾಜಿಸ್ಟ್ರೇಟರ ಮೂಲಕ ಕೇಳುವ ಹಕ್ಕೂ, ಚಿಕ್ಕ ಮಕ್ಕಳನ್ನು ತನ್ನಲ್ಲಿ ಇಟ್ಟುಕೊಳ್ಳುವ ಹಕ್ಕೂ ಅದೇ ಶಾಸನದಲ್ಲಿವೆ. ಆ ಸಂದೇಶವನ್ನು ಸಿಟ್ಟಿನಿಂದಲೋ ನಾಚಿಕೆಯಿಂದಲೋ ಅಳಿಸಿಬಿಡಬಾರದು. ನಾಳೆ ಅದೇ ಸಾಕ್ಷ್ಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ತಲಾಖೆಂಬುದೇ ರದ್ದಾಯಿತೆಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಹೆಂಡತಿಯು ಶುದ್ಧಳಾಗಿರುವ ಕಾಲದಲ್ಲಿ ಒಮ್ಮೆ ಹೇಳಿ ಇದ್ದತ್ ಕಳೆಯುವ ತನಕ ಕಾಯುವ ‘ಅಹಸನ್’, ಮೂರು ಶುದ್ಧಕಾಲಗಳಲ್ಲಿ ಒಂದೊಂದು ಸಲ ಹೇಳುವ ‘ಹಸನ್’, ಇವೆರಡನ್ನು 2017ರ ತೀರ್ಪೂ 2019ರ ಶಾಸನವೂ ಮುಟ್ಟಲಿಲ್ಲ. ಇವುಗಳಲ್ಲಿ ಮನಸ್ಸು ಮರಳುವುದಕ್ಕೆ ಸಮಯವಿದೆ. ಆದರೂ ತಲಾಖಿಗೆ ಸಕಾರಣ ಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಒಬ್ಬೊಬ್ಬ ಮಧ್ಯಸ್ಥರು ಸಂಧಾನಕ್ಕೆ ಪ್ರಯತ್ನಿಸಿರಬೇಕು, ತಲಾಖ್ ಹೇಳಿದ್ದು ಸಾಕ್ಷ್ಯದಿಂದ ಸ್ಥಾಪಿತವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2002ರಷ್ಟು ಹಿಂದೆಯೇ ಹೇಳಿತ್ತು. ಮಧ್ಯಸ್ಥರ ಮಾತು ಕುರಾನಿನ 4ನೆಯ ಅಧ್ಯಾಯದ 35ನೆಯ ವಚನದಲ್ಲಿಯೇ ಇರುವುದು. ಕೋಪ ಬಂದ ರಾತ್ರಿ ಬೆರಳ ತುದಿಯಿಂದ ಒತ್ತಿದ ಮೂರು ಅಕ್ಷರಗಳಿಗೂ ಆ ವಚನಕ್ಕೂ ಎಷ್ಟು ದೂರವೆಂಬುದನ್ನು ಬಲ್ಲವರೇ ಯೋಚಿಸಲಿ.

ಬಿಡುಗಡೆಯು ಅವಳಿಗೇ ಬೇಕಾದರೆ? ಇಬ್ಬರೂ ಒಪ್ಪಿ ಬಿಡುವುದು ‘ಮುಬಾರತ್’. ಹೆಂಡತಿಯು ಬಯಸಿ, ಸಾಮಾನ್ಯವಾಗಿ ಮಹರನ್ನು ಅಥವಾ ಅದರ ಭಾಗವನ್ನು ಹಿಂದಿರುಗಿಸಿ, ಬಿಡಿಸಿಕೊಳ್ಳುವುದು ‘ಖುಲಾ’. ಇವು ಮನೆಯವರ ಮುಂದೆಯೇ ಆಗುವಂಥವು. ಕೇರಳದಲ್ಲಿ 1972ರ ಒಂದು ತೀರ್ಪು, ಮುಸಲ್ಮಾನ ಸ್ತ್ರೀಯು ನ್ಯಾಯಾಲಯದ ಹೊರಗೆ ಹೀಗೆ ಬಿಡುಗಡೆ ಪಡೆಯಲಾರಳೆಂದು ಹೇಳಿತ್ತು. ಅದನ್ನು ಅಲ್ಲಿಯ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು 2021ರ ಏಪ್ರಿಲಿನಲ್ಲಿ ತಪ್ಪೆಂದು ತೆಗೆದುಹಾಕಿ, ಖುಲಾದ ಹಕ್ಕನ್ನು ಎತ್ತಿಹಿಡಿಯಿತು. ಕಾಸರಗೋಡಿನ ನಮ್ಮ ಕನ್ನಡ ಸೋದರಿಯರು ಆ ನ್ಯಾಯಾಲಯದ ಕೆಳಗೆ ಬರುವುದರಿಂದ ಇದನ್ನು ಹೇಳಬೇಕಾಯಿತು. ಅದೇ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯಲ್ಲಿ, ತನಗರಿವಿಲ್ಲದೆ ತಲಾಖಿಗೆ ಸಿಕ್ಕಿದ ನಾದಿರಾ ಎಂಬ ಹುಡುಗಿಯ ಬಾಳನ್ನು ಬರೆದರು. 1981ರಲ್ಲಿ ಅದು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಕನ್ನಡದ ಅನೇಕ ಮನೆಗಳಿಗೆ ನೆರೆಮನೆಯ ಗೋಡೆಯಾಚೆಯ ದುಃಖವು ಮೊದಲ ಸಲ ಕೇಳಿಸಿತೆನ್ನಬೇಕು. ಓದದವರು ಓದಲಿ.

ಜೀವನಾಂಶದ ವಿಷಯದಲ್ಲಿ ಬಹು ಗೊಂದಲವಿದೆ. ಇದ್ದತ್ತಿನ ಮೂರು ತಿಂಗಳು ಕಳೆದರೆ ಗಂಡನ ಹೊಣೆ ತೀರಿತೆಂಬ ಮಾತನ್ನು ಕೇಳದವರಿಲ್ಲ. 1985ರ ಶಾ ಬಾನೋ ತೀರ್ಪು, ಅದರ ಹಿಂದೆಯೇ 1986ರ ಶಾಸನ, ಈ ಇತಿಹಾಸವು ವಾಚಕರಿಗೆ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಮುಂದಿನದು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರ ಶಾಸನವನ್ನು ಉಳಿಸಿಕೊಂಡೇ ಅದರ ಅರ್ಥವನ್ನು ಬಿಡಿಸಿ ಹೇಳಿತು: ಗಂಡನು ಇದ್ದತ್ತಿನ ಅವಧಿಯೊಳಗೆ ಕೊಡಬೇಕು, ನಿಜ, ಆದರೆ ಕೊಡುವುದು ಆ ಮೂರು ತಿಂಗಳಿಗೆ ಮಾತ್ರವಲ್ಲ, ಅವಳ ಮುಂದಿನ ಬಾಳಿಗೆ ಸಾಲುವಷ್ಟು ನ್ಯಾಯವಾದ ಏರ್ಪಾಡಾಗಿರಬೇಕು. ಮಹರಿನ ಬಾಕಿಯೂ, ಮದುವೆಯಲ್ಲಿ ಅವಳಿಗೆ ಬಂದ ಒಡವೆವಸ್ತುಗಳೂ ಬೇರೆಯಾಗಿ ಸಲ್ಲಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಅಕ್ಟೋಬರಿನಲ್ಲಿ, ನಿಕಾಹ್ ಒಂದು ಕರಾರೆಂಬುದು ನಿಜವಾದರೂ ಅದು ಮುರಿದೊಡನೆ ಅದರಿಂದ ಹುಟ್ಟಿದ ಹೊಣೆಗಳು ಮಾಯವಾಗವೆಂದು ತೀರ್ಪಿತ್ತಿತು. 2024ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯವು, ಬಿಡುಗಡೆಯಾದ ಮುಸಲ್ಮಾನ ಸ್ತ್ರೀಯು ಎಲ್ಲ ಮತದವರಿಗೂ ಸಮಾನವಾದ ದಂಡಪ್ರಕ್ರಿಯೆಯ ಕಾನೂನಿನಂತೆಯೂ ಜೀವನಾಂಶ ಕೇಳಬಹುದೆಂದು ಸ್ಪಷ್ಟಪಡಿಸಿತು. ಹಿಂದೆ ಅದು 125ನೆಯ ಪ್ರಕರಣ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯದು.

ಈ 144ನೆಯ ಪ್ರಕರಣವನ್ನು ಯಾವ ಮತದ ಗೃಹಿಣಿಯಾದರೂ ನೆನಪಿನಲ್ಲಿಡತಕ್ಕದ್ದು. ವಿಚ್ಛೇದನವಾಗಿರಬೇಕೆಂಬ ನಿಯಮವಿಲ್ಲ, ಶಕ್ತಿಯಿದ್ದೂ ಗಂಡನು ಸಾಕುತ್ತಿಲ್ಲವೆಂದರೆ ಸಾಕು. ತಾನಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಮೊಕದ್ದಮೆ ಮುಗಿಯುವ ತನಕ ಮಧ್ಯಂತರ ಜೀವನಾಂಶವುಂಟು. ಆ ಅರ್ಜಿಯನ್ನು ನೋಟೀಸು ಮುಟ್ಟಿದ ಅರುವತ್ತು ದಿನಗಳೊಳಗೆ ಆದಮಟ್ಟಿಗೆ ತೀರ್ಮಾನಿಸಬೇಕೆಂದು ಕಾಯಿದೆ ಹೇಳುತ್ತದೆ. ಇಬ್ಬರೂ ತಮ್ಮ ಆದಾಯ ಆಸ್ತಿಗಳ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು, ಜೀವನಾಂಶವು ಅರ್ಜಿಯ ತಾರೀಖಿನಿಂದಲೇ ಸಲ್ಲಬೇಕು ಎಂದು 2020ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟ್ಟುಮಾಡಿದೆ. ಅರ್ಜಿ ಹಾಕಲು ತಡಮಾಡಿದಷ್ಟೂ ನಷ್ಟ ಅವಳದೇ ಎಂಬುದು ಇದರಿಂದ ತಿಳಿಯುವುದು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಬ್ಬರೂ ಪರಸ್ಪರ ಒಪ್ಪಿಗೆಯಿಂದ ಬೇರೆಯಿದ್ದೇವೆಂದು ಬರೆದ ಕಾಗದಕ್ಕೆ, ಓದಿಸಿ ಕೇಳದೆ, ಯಾವ ಹೆಂಡತಿಯೂ ರುಜು ಹಾಕಕೂಡದು. ಮದುವೆಯು ಊರ್ಜಿತವಾಗಿರುವಾಗ ಹಾಗೆ ಬೇರೆಯಿರುವವಳಿಗೆ ಈ ಪ್ರಕರಣದಂತೆ ಜೀವನಾಂಶವಿಲ್ಲ.

ಕಾಗದದ ಮಾತು ಬಂದುದರಿಂದ ನಮ್ಮ ಹಿಂದೂ ಮನೆಗಳ ಒಂದು ರೋಗವನ್ನೂ ಹೇಳಿಬಿಡುತ್ತೇವೆ. ಛಾಪಾಕಾಗದ ತಂದು, ನಾಲ್ಕು ಜನರ ಸಾಕ್ಷಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿ ‘ಬಿಡುಗಡೆ ಪತ್ರ’ ಬರೆದುಕೊಂಡರೆ ವಿಚ್ಛೇದನವಾಯಿತೆಂದು ತಿಳಿಯುವವರು ಇಂದಿಗೂ ಹೇರಳವಾಗಿದ್ದಾರೆ. ಜಾತಿಯ ಪೂರ್ವಾಚಾರದಿಂದ ಬಂದ ಬಿಡುಗಡೆಯನ್ನು 1955ರ ಶಾಸನವು ಉಳಿಸಿಕೊಂಡಿದೆಯೆಂಬುದು ದಿಟ. ಆದರೆ ಆ ಆಚಾರವು ಹಿಂದಿನಿಂದ ತಪ್ಪದೆ ನಡೆದುಬಂದಿದೆಯೆಂದು ನ್ಯಾಯಾಲಯದಲ್ಲಿ ರುಜುವಾತುಪಡಿಸುವ ಭಾರ ಹೇಳಿದವನ ಮೇಲೆಯೇ ಬೀಳುವುದು. ಅದಾಗದಿದ್ದರೆ ಪತ್ರಕ್ಕೆ ಬೆಲೆಯಿಲ್ಲ. ಆ ಧೈರ್ಯದಿಂದ ಮಾಡಿಕೊಂಡ ಎರಡನೆಯ ಮದುವೆ ಶೂನ್ಯವಾಗುವುದು, ದ್ವಿಪತ್ನೀತ್ವದ ಅಪರಾಧವೂ ಆಗುವುದು; ಎಲ್ಲಕ್ಕಿಂತ ಹೆಚ್ಚಾಗಿ, ಏನೂ ಅರಿಯದ ಎರಡನೆಯವಳು ಹೆಂಡತಿಯೂ ಅಲ್ಲ, ಕನ್ಯೆಯೂ ಅಲ್ಲ ಎಂಬ ಸ್ಥಿತಿಗೆ ಬೀಳುವಳು. ಹೆಣ್ಣು ಕೊಡುವ ಮುಂಚೆ ‘ಡಿಕ್ರಿ ತೋರಿಸಿ’ ಎಂದು ಕೇಳುವುದಕ್ಕೆ ತಂದೆತಾಯಂದಿರು ಸಂಕೋಚಪಡಬಾರದು.

ಸರಿಯಾದ ದಾರಿಯೇನೂ ಅಷ್ಟು ಕಠಿಣವಲ್ಲ. ಇಬ್ಬರೂ ಒಪ್ಪಿದ್ದರೆ, ಒಂದು ವರ್ಷ ಬೇರೆಯಿದ್ದ ಮೇಲೆ ಜಂಟಿಯಾಗಿ ಅರ್ಜಿ ಹಾಕಬಹುದು. ಆರು ತಿಂಗಳ ಬಳಿಕ, ಹದಿನೆಂಟು ತಿಂಗಳೊಳಗೆ, ಮತ್ತೊಮ್ಮೆ ಬಂದು ಮನಸ್ಸು ಬದಲಾಗಿಲ್ಲವೆಂದು ಹೇಳಬೇಕು. ತಕ್ಕ ಕಾರಣವಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯವು ಮನ್ನಿಸಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೆ ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ ಮೊದಲಾದ ಕಾರಣಗಳನ್ನು ಸಾಕ್ಷ್ಯದಿಂದ ತೋರಿಸಬೇಕು. 2003ರಿಂದ ಹೆಂಡತಿಯು ತಾನಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದಾದ್ದರಿಂದ, ಮದುವೆ ಮುಂಬಯಿಯಲ್ಲಾಗಿ ಸಂಸಾರ ಬೆಂಗಳೂರಿನಲ್ಲಿ ನಡೆದಿದ್ದರೂ ತವರಿಗೆ ಬಂದವಳು ಊರೂರು ಅಲೆಯಬೇಕಾಗಿಲ್ಲ. ಕ್ರೈಸ್ತರ 1869ರ ಶಾಸನವು ಹೆಂಡತಿಗೆ ಬಹುಕಾಲ ಅನ್ಯಾಯಮಾಡಿತ್ತು. ಗಂಡನ ವ್ಯಭಿಚಾರವೊಂದೇ ಅವಳಿಗೆ ಸಾಲುತ್ತಿರಲಿಲ್ಲ, ಜತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕಾಗಿತ್ತು. 2001ರ ತಿದ್ದುಪಡಿಯಿಂದ ಆ ಭೇದ ಹೋಯಿತು, ಒಪ್ಪಿಗೆಯ ವಿಚ್ಛೇದನವೂ ಬಂದಿತು.

ಇನ್ನು ‘ಎಲ್ಲಿಗ್ ಹೋಯ್ಕ್’ ಎಂಬುದಕ್ಕೆ ಬರುತ್ತೇವೆ. ಕಲ್ಪನೆಯ ಆ ಹಂಚಿನ ಮನೆಯಲ್ಲಿ ಅತ್ತೆಯು ಹೊರಗೆ ಹೋಗೆಂದಳಷ್ಟೆ. 2005ರ ಕೌಟುಂಬಿಕ ಹಿಂಸೆಯ ಶಾಸನದಂತೆ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದ ಮಾತ್ರಕ್ಕೆ ಹಕ್ಕು ತಪ್ಪದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಈ ಶಾಸನವು ಎಲ್ಲ ಮತದ ಸ್ತ್ರೀಯರಿಗೂ ಒಂದೇ. ಹಿಂದೆ ಅಳಿಯಸಂತಾನದ ಹೆಣ್ಣಿಗೆ ಕುಟುಂಬದ ಮನೆಯು ಕೊಡುತ್ತಿದ್ದ ಆಸರೆಯನ್ನು ಇಂದು ಕಾಯಿದೆಯು ಹೀಗೆ ತುಂಡುತುಂಡಾಗಿ ಕೊಡಲೆತ್ನಿಸುತ್ತಿದೆ. ಅಷ್ಟು ಬೆಚ್ಚಗಿನ ಆಸರೆಯೆಂದು ನಾವು ಹೇಳಲಾರೆವು. ಮನಸ್ಸೊಡೆದ ಮನೆಯಲ್ಲಿ ಆಜ್ಞಾಪತ್ರ ಹಿಡಿದುಕೊಂಡು ಅನ್ನ ಉಣ್ಣುವುದು ಸುಖದ ಬಾಳಲ್ಲ. ಆದರೂ ಅವಸರದಲ್ಲಿ ಹೊರಬಿದ್ದು ಮಕ್ಕಳೊಡನೆ ಬಸ್‌ ನಿಲ್ದಾಣದಲ್ಲಿ ನಿಲ್ಲುವುದಕ್ಕಿಂತ, ನಾಲ್ಕು ದಿನ ಯೋಚಿಸುವುದಕ್ಕೆ ತಲೆಯ ಮೇಲೆ ಸೂರಿರುವುದು ಲೇಸು.

ಜಮಾಅತಿನ ಹಿರಿಯರು, ಇಗರ್ಜಿಯ ಪಾದ್ರಿಗಳು, ಜಾತಿಯ ಮುಖಂಡರು, ಊರಿನ ದೈವಸ್ಥಾನದ ಮೊಕ್ತೇಸರರು, ಇವರ ಮುಂದೆ ಮೊದಲು ಮಾತುಕತೆಯಾಗುವುದು ನಮ್ಮ ಕಡೆಯ ರೂಢಿ. ಅದನ್ನು ನಾವು ಹಳಿಯುವುದಿಲ್ಲ. ಅಂಥ ಹಿರಿಯರಿಂದ ಎಷ್ಟೋ ಸಂಸಾರಗಳು ಉಳಿದಿವೆ. ಆದರೆ ಅವರ ಮಾತು ಸಲಹೆ ಮಾತ್ರ. ಖಾಜಿಗಳ ನೇಮಕದಿಂದ ಅವರಿಗೆ ನ್ಯಾಯಾಧಿಕಾರವೇನೂ ಬಾರದೆಂದು 1880ರ ಕಾಯಿದೆಯೇ ಹೇಳಿದೆ; ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಒಲ್ಲದವರ ಮೇಲೆ ಹೇರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತಿಳಿಸಿತು. ಪಂಚಾಯತಿಗೆಯಲ್ಲಿ ‘ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದವನು ಮೂರನೆಯ ತಿಂಗಳು ನಿಲ್ಲಿಸಿದರೆ ಹಿರಿಯರು ತಲೆತಗ್ಗಿಸಬೇಕೇ ಹೊರತು ಬೇರೇನೂ ಮಾಡಲಾರರು. ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ಮೀರಿದವನ ಮೇಲೆ ವಾರಂಟು ಹೊರಡುವುದು.

ವಕೀಲರ ಫೀಸಿಗೆ ದುಡ್ಡೆಲ್ಲಿ ಎಂಬ ಚಿಂತೆಯಿಂದಲೇ ಅನೇಕರು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಕಿವಿಯ ಓಲೆ ಅಡವಿಟ್ಟು ಮಧ್ಯವರ್ತಿಗಳ ಕೈಗೆ ಕೊಟ್ಟವರೂ ಇದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೆಯ ಪ್ರಕರಣದಂತೆ ಸ್ತ್ರೀಯರೆಲ್ಲರೂ ಉಚಿತ ಕಾನೂನು ನೆರವಿಗೆ ಅರ್ಹರು. ಬಡವಳಾಗಿರಬೇಕೆಂದಿಲ್ಲ, ಆದಾಯದ ಸರ್ಟಿಫಿಕೇಟು ಬೇಡ, ಮತ ಯಾವುದಾದರೇನು. ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು ಸಹ ಹಾಗೆಯೇ. ಉಳಿದ ಗಂಡಸರಿಗೆ ಮಾತ್ರ ಆದಾಯದ ಮಿತಿಯುಂಟು. ವಕೀಲರನ್ನು ಗೊತ್ತುಮಾಡುವುದು, ಅವರ ಫೀಸು, ಕೋರ್ಟಿನ ಶುಲ್ಕ, ನಕಲು ತರ್ಜುಮೆಗಳ ಖರ್ಚು ಎಲ್ಲವೂ ಆ ಪ್ರಾಧಿಕಾರದ ಭಾರ. ಕುಂದಾಪುರದಲ್ಲಿ ನ್ಯಾಯಾಲಯದ ಆವರಣದಲ್ಲಿಯೇ ತಾಲೂಕು ಕಾನೂನು ಸೇವಾ ಸಮಿತಿಯಿದೆ. ಜಿಲ್ಲೆಯ ಪ್ರಾಧಿಕಾರವು ಉಡುಪಿಯಲ್ಲಿದೆ. ಹೋಗಲಾಗದವರು 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಹೊಡೆತ ಬಡಿತದ ಅಪಾಯವಿದ್ದರೆ ಸ್ತ್ರೀಯರ ಸಹಾಯಕ್ಕೆ 181. ಲೋಕ ಅದಾಲತ್ತಿನಲ್ಲಿ ಜೀವನಾಂಶ, ಮಕ್ಕಳ ಭೇಟಿ ಮುಂತಾದುವು ರಾಜಿಯಲ್ಲಿ ತೀರಬಹುದು. ಆದರೆ ವಿಚ್ಛೇದನದ ಡಿಕ್ರಿಯನ್ನು ನ್ಯಾಯಾಲಯದಿಂದಲೇ ಪಡೆಯಬೇಕು. ಅದಾಲತ್ತಿನಲ್ಲಿ ಒಪ್ಪಿ ರುಜು ಹಾಕಿದ ಮೇಲೆ ಅಪೀಲಿಲ್ಲವೆಂಬುದನ್ನೂ ಮರೆಯಬಾರದು.

ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಮದುವೆಯ ರಿಜಿಸ್ಟ್ರಿ ಪತ್ರ, ಇಲ್ಲದಿದ್ದರೆ ಮಸೀದಿಯ ನಿಕಾಹ್ ಪುಸ್ತಕದ ಅಥವಾ ಇಗರ್ಜಿಯ ದಾಖಲೆಯ ನಕಲು. ಅದೂ ಇಲ್ಲವಾದರೆ ಲಗ್ನಪತ್ರಿಕೆ, ಮಂಟಪದ ಚಿತ್ರಗಳು. ಮಕ್ಕಳ ಜನನದ ಸರ್ಟಿಫಿಕೇಟು, ರೇಷನ್ ಕಾರ್ಡು, ಆಧಾರ್. ಗಂಡನು ಕೆಲಸಮಾಡುವ ಕಡೆಯ ವಿಳಾಸ, ಅವನು ಹಣ ಕಳುಹಿಸುತ್ತಿದ್ದ ಬ್ಯಾಂಕಿನ ಪಾಸುಪುಸ್ತಕ; ಎಂದು ಬಂತು, ಎಂದು ನಿಂತಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ತವರಿನಿಂದ ಬಂದ ಒಡವೆಗಳ ಪಟ್ಟಿ, ಅಂಗಡಿಯ ರಸೀದಿಗಳಿದ್ದರೆ ಅವು. ಫೋನನ್ನಂತೂ ಮರೆಯಲೇಬಾರದು. ಇಷ್ಟನ್ನು ಒಂದು ಚೀಲದಲ್ಲಿ ಹಾಕಿ, ಮೂಲಪ್ರತಿಗಳನ್ನು ಯಾರ ಕೈಗೂ ಕೊಡದೆ ನಕಲುಗಳನ್ನು ಮಾತ್ರ ಕೊಟ್ಟು, ಕೊಟ್ಟದ್ದಕ್ಕೆ ಗುರುತು ಬರೆದಿಟ್ಟುಕೊಳ್ಳಬೇಕು. ತ್ರಾಸಿಯಿಂದ ಕುಂದಾಪುರಕ್ಕೆ ಬಸ್ಸಿಗೆ ಕೊರತೆಯಿಲ್ಲ. ಅರ್ಜಿಯನ್ನು ಕನ್ನಡದಲ್ಲಿಯೇ ಬಿಳಿಯ ಹಾಳೆಯ ಮೇಲೆ ಬರೆಯಬಹುದು. ಬರೆಯಲು ಬಾರದವಳು ಬಾಯಿಂದ ಹೇಳಿದರೂ ಆಗುವುದು. ಅಲ್ಲಿಯವರು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳುವರು.